ತೋಟಾ ಮುಗಿದ ಮೇಲೆ ಕೋವಿ ಎಂತಕ್ಕೆ?

ಕೋವಿಗೆ ವಯಸ್ಸಾಗುವುದಿಲ್ಲ. ಎಣ್ಣೆ ಹಚ್ಚಿ, ನೀರು ತಾಗದ ಜಾಗದಲ್ಲಿಟ್ಟರೆ ಮೂರು ತಲೆಮಾರು ನಿಶ್ಚಿಂತೆಯಿಂದ ಬಾಳುತ್ತೆ. ವಯಸ್ಸಾಗುವುದು ಅದರ ತೋಟಾಕ್ಕೆ. ಎಲ್ಲೋ ಒಂದು ಕಾರ್ಖಾನೆಯವರು 'ಈ ಸೈಜಿಗೆ ಗಿರಾಕಿ ಇಲ್ಲ, ಇನ್ನು ಮಾಡೋದು ಬೇಡ' ಅಂತ ಮಿಷಿನ್ ನಿಲ್ಲಿಸಿದರೆ ಮುಗೀತು. ಎಷ್ಟೇ ಚೆಂದದ ಕೋವಿಯಾದರೂ ಒನಕೆಗೆ ಸಮ. ಒನಕೆಯಾದರೆ ಅವಲಕ್ಕಿಯನ್ನಾದ್ರೂ ಕುಟ್ಟಬಹುದು.

ಇದನ್ನು ನನಗೆ ಅರ್ಥ ಮಾಡಿಸಿದವರು ಪಕ್ಕದ ಮನೆಯ ಅಜ್ಜ. ನಮ್ಮೂರಿನ ಪಕ್ಕದ ಮನೆ ಅಲ್ಲ, ಪೆನ್ಸಿಲ್ವೇನಿಯಾದ ಪಕ್ಕದ ಮನೆ. ಜಿಂಕೆ ಬೇಟೆಯ ಸೀಸನ್ ಶುರುವಾದರೆ ಶಾಲೆಗೆ ರಜೆ ಕೊಡುವ ಊರುಗಳು ಈ ರಾಜ್ಯದಲ್ಲಿ ಈಗಲೂ ಇವೆ, ನಮ್ಮಲ್ಲಿ ಜಾತ್ರೆಗೆ ಕೊಟ್ಟ ಹಾಗೆ. ಅಜ್ಜನಿಗೆ 76 ವರ್ಷ. ಲೇತ್ ಮುಂದೆ ನಲವತ್ತು ವರ್ಷ ನಿಂತು ದುಡಿದು ರಿಟೈರ್ ಆದವರು. ಮನೆಯ ನೆಲಮಾಳಿಗೆಯಲ್ಲಿ ಒಂದು ಕಬ್ಬಿಣದ ಬೀರು ತುಂಬಾ ಹಳೇ ಕೋವಿ, ಇನ್ನೊಂದು ಗೋಡೆಯುದ್ದಕ್ಕೂ ಅವುಗಳ ಆಹಾರ. ಸಾಲುಸಾಲು ಡಬ್ಬಿ, ಒಂದೊಂದರ ಮೇಲೂ ಚೀಟಿ, ವರ್ಷ, ಲೆಕ್ಕ. ನಮ್ಮ ದೊಡ್ಡಮ್ಮನ ಉಪ್ಪಿನಕಾಯಿ ಭರಣಿಗಳ ಸಾಲೇ ನೆನಪಾಗಬೇಕು.

ನಾನು ಎಚ್-1ಬಿ ಮೇಲೆ ಬಂದವನು. ಹಂಟಿಂಗ್ ಲೈಸೆನ್ಸ್‌ನಂಥ ಒಂದೆರಡು ವಿನಾಯಿತಿ ಬಿಟ್ಟರೆ ನನ್ನಂಥವರು ಇಲ್ಲಿ ಕೋವಿಯನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವಂತಿಲ್ಲ. ಇಲ್ಲಿನ ಫೆಡರಲ್ ಕಾನೂನಿನ ವ್ಯಾಖ್ಯೆಯಲ್ಲಿ ಖಾಲಿ ಹಿತ್ತಾಳೆ ಕೇಸ್ ಕೂಡ ಮದ್ದುಗುಂಡಿನ ಲೆಕ್ಕಕ್ಕೇ ಸೇರುತ್ತೆ. ಹಾಗಾಗಿ ನನ್ನ ಕೆಲಸ ಏನಿದ್ದರೂ ಮೆಟ್ಟಿಲ ಮೇಲೆ ಕೂತು ಕಾಫಿ ಕುಡೀತಾ ನೋಡೋದು, ಪ್ರಶ್ನೆ ಕೇಳೋದು.

ಅಜ್ಜನ ಬೀರುವಿನಲ್ಲಿ ಹೆಚ್ಚಿನವು ಎರಡನೇ ಮಹಾಯುದ್ಧದ ಕಾಲದವು. ರಷ್ಯಾದ ಮೊಸಿನ್-ನಾಗಂತ್, ಜರ್ಮನಿಯ ಮೌಸರ್, ಬ್ರಿಟಿಷರ ಲೀ-ಎನ್‌ಫೀಲ್ಡ್. ಕೊನೆಯದು ನಮಗೂ ಗೊತ್ತಿರುವುದೇ, ನಮ್ಮ ಪೊಲೀಸರ ಹೆಗಲ ಮೇಲೆ ನೋಡಿ ಬೆಳೆದ 'ತ್ರೀ ನಾಟ್ ತ್ರೀ'. ಮೂರಕ್ಕೂ ಮೂರು ಬೇರೆ ತೋಟಾ, ಒಂದರದ್ದು ಇನ್ನೊಂದಕ್ಕೆ ಆಗಲ್ಲ.

ಒಂದು ಕಾಲದಲ್ಲಿ ಇವುಗಳ ತೋಟಾ ಇಲ್ಲಿ ಕಡಲೆಕಾಯಿ ಇದ್ದ ಹಾಗೆ ಇತ್ತಂತೆ. ಸೋವಿಯತ್ ಒಕ್ಕೂಟ ಒಡೆದ ಮೇಲೆ ಪೂರ್ವ ಯುರೋಪಿನ ಸೈನ್ಯಗಳ ಉಗ್ರಾಣಗಳಲ್ಲಿ ಬಿದ್ದಿದ್ದ ಹಳೇ ದಾಸ್ತಾನೆಲ್ಲ ಹಡಗು ಹತ್ತಿ ಅಮೆರಿಕಕ್ಕೆ ಬಂತು. ಮೊಸಿನ್‌ನ ತೋಟಾ ಬರುತ್ತಿದ್ದದ್ದು ಬೆಸುಗೆ ಹಾಕಿ ಮುಚ್ಚಿದ ತಗಡಿನ ಡಬ್ಬಿಯಲ್ಲಿ. ಒಂದು ಡಬ್ಬಿಗೆ 440, ಮರದ ಪೆಟ್ಟಿಗೆಗೆ ಎರಡು ಡಬ್ಬಿ, ಒಟ್ಟು 880. ಒಡೆಯೋಕೆ ಒಂದು ಓಪನರ್ರೂ ಜೊತೆಗೇ. ಅಜ್ಜ ಅದನ್ನು ಅಕ್ಕಿ ಮೂಟೆ ತಂದ ಹಾಗೆ ಪಿಕಪ್ ಟ್ರಕ್ಕಿನ ಹಿಂದೆ ಹಾಕಿಕೊಂಡು ಬರುತ್ತಿದ್ದರಂತೆ.

ಆ ಅಗ್ಗದ ತೋಟಾಕ್ಕೆ ಒಂದು ದೋಷ. ಬೆಂಕಿ ಹೊತ್ತಿಸುವ ಅದರ ಕೇಪಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತೆ. ಉರಿದ ಮೇಲೆ ನಳಿಗೆಯೊಳಗೆ ಉಳಿಯೋದು ಪೊಟ್ಯಾಸಿಯಂ ಕ್ಲೋರೈಡ್, ಅಂದರೆ ಒಂದು ಜಾತಿಯ ಉಪ್ಪು. ಮಳೆಗಾಲದಲ್ಲಿ ಉಪ್ಪಿನ ಮರಿಗೆ ಬೆವರೋದು ಮಲೆನಾಡಿನಲ್ಲಿ ಹುಟ್ಟಿದವರಿಗೆ ಹೇಳಿಕೊಡಬೇಕಾ? ನಳಿಗೆಯೊಳಗೂ ಅದೇ ಕಥೆ. ಗಾಳಿಯ ನೀರು ಹೀರಿ, ನಾಲ್ಕು ದಿನದಲ್ಲಿ ತುಕ್ಕು. ಎಣ್ಣೆಗೆ ಉಪ್ಪು ಕರಗಲ್ಲ, ಬಿಸಿನೀರೇ ಬೇಕು. ಅಜ್ಜ ಗುರಿಕಟ್ಟೆಯಿಂದ ಬಂದವರೇ ಕೆಟಲ್‌ನಲ್ಲಿ ನೀರು ಕಾಯಿಸೋದು ತಮಗಲ್ಲ, ಕೋವಿಗೆ.

ಕಡಲೆಕಾಯಿ ಕಾಲ ಮುಗೀತು. ಉಗ್ರಾಣ ಎಷ್ಟು ದೊಡ್ಡದಾದರೂ ಅದು ಉಗ್ರಾಣವೇ, ಗದ್ದೆಯಲ್ಲ. ಮತ್ತೆ ಬೆಳೆಯಲ್ಲ. ಸಾಲದ್ದಕ್ಕೆ 2021ರ ಸೆಪ್ಟೆಂಬರಿನಿಂದ ರಷ್ಯಾದ ಕೋವಿ, ತೋಟಾಗಳ ಆಮದಿಗೆ ಹೊಸ ಪರ್ಮಿಟ್ ಕೊಡುವುದನ್ನೂ ಅಮೆರಿಕ ನಿಲ್ಲಿಸಿತು. ಈಗ ಹಳೇ ಕೋವಿಯವರ ದೊಡ್ಡ ಆಸರೆಗಳಲ್ಲೊಂದು ಸರ್ಬಿಯಾದ ಉಝಿತ್ಸೆ ಎಂಬ ಊರಿನ ಪ್ರ್ವಿ ಪಾರ್ಟಿಜಾನ್ ಕಾರ್ಖಾನೆ. 1928ರಲ್ಲಿ ಶುರುವಾದ ಅದು, ಬೇರೆಯವರು ಕೈಬಿಟ್ಟ ಎಷ್ಟೋ ಸೈಜುಗಳನ್ನು ಇವತ್ತಿಗೂ ಮಾಡುತ್ತೆ. ಬ್ರಿಟಿಷರ ಕೋವಿ, ಇಟಲಿಯ ಕೋವಿ, ಫ್ರಾನ್ಸಿನ ಕೋವಿ, ಎಲ್ಲಕ್ಕೂ ಆ ಒಂದು ಊರಿನ ಒಲೆಯಲ್ಲೇ ಅಡುಗೆ.

ಕೊಂಡುಕೊಳ್ಳೋದು ಕಷ್ಟವಾದಾಗ ಉಳಿಯೋ ದಾರಿ ಮನೆಯಲ್ಲೇ ತುಂಬಿಕೊಳ್ಳೋದು. ಇಲ್ಲಿ ಅದಕ್ಕೆ ರೀಲೋಡಿಂಗ್ ಅಂತಾರೆ, ಕಾನೂನಿನ ಅಡ್ಡಿಯಿಲ್ಲ. ತೋಟಾ ಅಂದರೆ ನಾಲ್ಕು ಸಾಮಾನು: ಹಿತ್ತಾಳೆಯ ಕೇಸ್, ಅದರ ಬುಡದಲ್ಲಿ ಕೇಪು, ಒಳಗೆ ಮದ್ದು, ಬಾಯಿಗೆ ಗುಂಡು. ಹಾರಿಸಿದರೆ ಕೇಪು, ಮದ್ದು, ಗುಂಡು ಮೂರೂ ಹೋಗುತ್ತೆ, ಹಿತ್ತಾಳೆ ಉಳಿಯುತ್ತೆ. ಅದನ್ನು ಹೆಕ್ಕಿ ತಂದು, ತೊಳೆದು, ಪ್ರೆಸ್ಸಿನಲ್ಲಿ ಒತ್ತಿ ಮೊದಲಿನ ಆಕಾರಕ್ಕೆ ತಂದು ಮತ್ತೆ ತುಂಬೋದು. ಮದ್ದು ತೂಗೋದು ಗ್ರೇನ್ ಲೆಕ್ಕದಲ್ಲಿ. ಒಂದು ಗ್ರೇನ್ ಅಂದರೆ ಸುಮಾರು 65 ಮಿಲಿಗ್ರಾಂ, ಗುಲಗಂಜಿಗಿಂತ ಹಗುರ. ಅದರ ಹತ್ತನೇ ಒಂದು ಪಾಲಿಗೂ ಅಜ್ಜ ತಕ್ಕಡಿ ಮುಂದೆ ಉಸಿರು ಹಿಡಿದು ಕೂರುತ್ತಾರೆ. ಅಕ್ಕಸಾಲಿಗರ ಅಂಗಡಿಯಲ್ಲಿ ಅಮ್ಮನ ಬಳೆ ತೂಗುವಾಗ ಫ್ಯಾನ್ ಆರಿಸುತ್ತಿದ್ದದ್ದು ನೆನಪಾಗುತ್ತೆ.

ಎಲ್ಲಾ ಕೇಸನ್ನೂ ಮತ್ತೆ ತುಂಬೋಕಾಗಲ್ಲ. ಕೇಪು ಕೂರಿಸುವ ಪದ್ಧತಿ ಎರಡು, ಬಾಕ್ಸರ್ ಮತ್ತು ಬರ್ಡಾನ್. ಬಾಕ್ಸರ್‌ನಲ್ಲಿ ಬುಡದ ನಡುವೆ ಒಂದೇ ತೂತು, ಕಡ್ಡಿ ತೂರಿಸಿ ಹಳೇ ಕೇಪು ತಳ್ಳಿದರೆ ಬಂತು. ಬರ್ಡಾನ್‌ನಲ್ಲಿ ಸಾಮಾನ್ಯವಾಗಿ ಪಕ್ಕಕ್ಕೆ ಎರಡು ಸಣ್ಣ ತೂತು, ಕೇಪು ತೆಗೆಯೋದೇ ದೊಡ್ಡ ತಲೆನೋವು. ತಮಾಷೆ ಅಂದರೆ, ಬಾಕ್ಸರ್ ಇಂಗ್ಲಿಷ್ ಸೈನ್ಯಾಧಿಕಾರಿ, ಅವನ ಪದ್ಧತಿ ಹಿಡಿದುಕೊಂಡದ್ದು ಅಮೆರಿಕ. ಬರ್ಡಾನ್ ಅಮೆರಿಕದವನು, ಅವನದ್ದು ನಡೆದದ್ದು ಯುರೋಪಿನಲ್ಲಿ. ಊರ ಮಗನಿಗೆ ಊರಲ್ಲಿ ಬೆಲೆ ಇಲ್ಲ ಅನ್ನೋದು ಎಲ್ಲಾ ಕಡೆ ಒಂದೇ.

ತ್ರೀ ನಾಟ್ ತ್ರೀಗೆ ಇನ್ನೊಂದು ಕಾಯಿಲೆ. ಯುದ್ಧಭೂಮಿಯ ಕೆಸರಿನಲ್ಲೂ ತೋಟಾ ಸಲೀಸಾಗಿ ಒಳಗೆ ಹೋಗಲಿ ಅಂತ ಅದು ಕೂರುವ ಗೂಡನ್ನು ಸ್ವಲ್ಪ ಸಡಿಲ ಬಿಟ್ಟಿದ್ದರು. ಹಾರಿಸಿದಾಗಲೆಲ್ಲ ಹಿತ್ತಾಳೆ ಹಿಗ್ಗುತ್ತೆ. ಕೆಲವು ಸಲ ತುಂಬುವಷ್ಟರಲ್ಲಿ ಬುಡದ ಹತ್ತಿರ ಒಂದು ಹೊಳೆಯುವ ಗೆರೆ ಕಾಣಿಸಿಕೊಳ್ಳುತ್ತೆ. ಆ ಗೆರೆ ಕಂಡರೆ ಕೇಸ್ ಕಸದ ಬುಟ್ಟಿಗೆ. ಅಜ್ಜ ಒಂದೊಂದನ್ನೂ ದೀಪಕ್ಕೆ ಹಿಡಿದು ತಿರುಗಿಸಿ ನೋಡುತ್ತಾರೆ, ಕೋಳಿಮೊಟ್ಟೆ ನೋಡಿದ ಹಾಗೆ.

ಹಿತ್ತಾಳೆ ಹೆಕ್ಕಬಹುದು. ಗುಂಡನ್ನು ಸೀಸ ಕರಗಿಸಿ ಎರಕ ಹೊಯ್ದುಕೊಳ್ಳುವವರೂ ಇದ್ದಾರೆ. ಆದರೆ ಕೇಪು? ಕಡಲೆಕಾಳಿಗಿಂತ ಚಿಕ್ಕದು, ಮನೆಯಲ್ಲಿ ಮಾಡುವಂಥದ್ದಲ್ಲ. ಅಮೆರಿಕದಲ್ಲಿ ಅದನ್ನು ದೊಡ್ಡ ಪ್ರಮಾಣದಲ್ಲಿ ಮಾಡುವ ಹೆಸರುಗಳು ಬೆರಳೆಣಿಕೆಯಷ್ಟು. ಅವರು ಮಾಡಿದ ಕೇಪು ಮೊದಲು ಹೋಗುವುದು ಅವರದ್ದೇ ರೆಡಿಮೇಡ್ ತೋಟಾಕ್ಕೆ, ಮಿಕ್ಕರೆ ಅಜ್ಜನಂಥವರಿಗೆ. 2020ರಲ್ಲಿ ಕೊರೊನಾ ಬಂತು, ಗಲಾಟೆಗಳಾದವು, ಚುನಾವಣೆ ಬಂತು. 1816ರಿಂದ ನಡೆದುಕೊಂಡು ಬಂದಿದ್ದ ರೆಮಿಂಗ್ಟನ್ ಅದೇ ವರ್ಷ ದಿವಾಳಿ ಅರ್ಜಿ ಹಾಕಿತು. ಸಾವಿರಕ್ಕೆ ಸುಮಾರು 30 ಡಾಲರಿಗೆ ಸಿಗುತ್ತಿದ್ದ ಕೇಪು ಅಂಗಡಿಯಿಂದ ಮಾಯವಾಗಿ, ಕೈಯಿಂದ ಕೈಗೆ ಮಾರುವಲ್ಲಿ 100 ಡಾಲರ್ ದಾಟಿತು.

ನಾನು ಕೇಳಿದೆ, "ನಿಮ್ಮ ಹಾಗೆ ಎಲ್ಲರೂ ಗೋಡೆ ತುಂಬಾ ತುಂಬಿಸಿಟ್ಟಿದ್ದಕ್ಕೇ ಅಲ್ವಾ ಅಂಗಡಿ ಖಾಲಿಯಾಗಿದ್ದು?"

ಅಜ್ಜ ಸಿಟ್ಟು ಮಾಡಿಕೊಳ್ಳಲಿಲ್ಲ. "ಹೌದು. ಆದರೆ ನಾನು ತುಂಬಿಸದಿದ್ದರೆ ಇನ್ನೊಬ್ಬ ತುಂಬಿಸುತ್ತಿದ್ದ," ಅಂದರು. ರೇಷನ್ ಅಂಗಡಿಯಲ್ಲಿ ಸೀಮೆಎಣ್ಣೆಗೆ ಕ್ಯೂ ನಿಂತ ನಮಗೆ ಈ ತರ್ಕ ಹೊಸದಲ್ಲ. ಎಣ್ಣೆ ಇಲ್ಲವಂತೆ ಅನ್ನೋ ಸುದ್ದಿಯೇ ಎಣ್ಣೆಯನ್ನು ಇಲ್ಲ ಮಾಡಿಬಿಡುತ್ತೆ. ಮನೆಯಲ್ಲಿ ಎರಡು ಕ್ಯಾನ್ ಇದ್ದವನೂ ಮೂರನೇದು ಹಿಡಿದು ಬಂದು ನಿಲ್ಲುತ್ತಾನೆ.

ಹಾಗಾದರೆ ಎಷ್ಟಿದ್ದರೆ ಸಾಕು? ಅದಕ್ಕೂ ಅಜ್ಜನ ಹತ್ತಿರ ಲೆಕ್ಕವಿದೆ. ಡೈರಿಯಲ್ಲಿ ಪ್ರತಿ ಕೋವಿಗೂ ಒಂದು ಪುಟ. ತ್ರೀ ನಾಟ್ ತ್ರೀಗೆ ವರ್ಷಕ್ಕೆ 150 ಹಾರಿಸಿದರೆ, ಕೈ ನಡುಗದೆ ಇನ್ನು ಹತ್ತು ವರ್ಷ ಅಂತ ಹಿಡಿದರೆ, 1500. ಗೋಡೆಯಲ್ಲಿ ಇರುವುದು ಅದಕ್ಕಿಂತ ಸ್ವಲ್ಪ ಜಾಸ್ತಿ. "ಈ ಕೋವಿ ಮತ್ತು ನಾನು ಸರಿಯಾಗಿ ಒಟ್ಟಿಗೇ ಮುಗೀತೇವೆ," ಅಂತ ನಕ್ಕರು. ಮಗ ಟೆಕ್ಸಾಸಿನಲ್ಲಿ, ಮಗಳು ಬಾಸ್ಟನ್ನಿನಲ್ಲಿ. ಇಬ್ಬರಿಗೂ ಇದು ಬೇಡ. ಪ್ರೆಸ್ ಎಳೆಯೋದು, ಗೆರೆ ನೋಡೋದು, ನಳಿಗೆಗೆ ಬಿಸಿನೀರು ಹುಯ್ಯೋದು ಇನ್ನೊಬ್ಬರಿಗೆ ಗೊತ್ತಿಲ್ಲದಿದ್ದರೆ ಆ ಗೋಡೆಯಲ್ಲಿರೋದು ಬರೀ ಭಾರ. ನಮ್ಮ ಸಾಫ್ಟ್‌ವೇರಿನಲ್ಲೂ ಹಾಗೇ. ಹಳೇ ಪ್ರೋಗ್ರಾಮು ಕೆಟ್ಟಿರೋದಿಲ್ಲ, ಅದು ನೆಚ್ಚಿಕೊಂಡಿದ್ದ ಲೈಬ್ರರಿಯನ್ನು ನೋಡಿಕೊಳ್ಳುವವರು ಇಲ್ಲವಾಗಿರುತ್ತಾರೆ. ಕಾಪಿ ಎಷ್ಟು ಇಟ್ಟುಕೊಂಡರೇನು?

ಒಂದಿನ ಅಜ್ಜ ಬೀರುವಿನ ಮೂಲೆಯಿಂದ ಒಂದು ಕೋವಿ ತೆಗೆದು, "ಇದು ನಿಮ್ಮವರದ್ದು" ಅಂದರು. ನೋಡಲು ಥೇಟ್ ಲೀ-ಎನ್‌ಫೀಲ್ಡ್. ಆದರೆ ಮೇಲೆ ಆರ್‌ಎಫ್‌ಐ ಅಂತ ಮುದ್ರೆ. ಬಂಗಾಳದ ಇಶಾಪುರದ ರೈಫಲ್ ಕಾರ್ಖಾನೆ. 1962ರ ಚೀನಾ ಯುದ್ಧದ ನಂತರ ಹಳೇ ವಿನ್ಯಾಸವನ್ನೇ ಗಟ್ಟಿಮಾಡಿ, ಹೊಸ 7.62 ತೋಟಾಕ್ಕೆ ಹೊಂದಿಸಿ ಮಾಡಿದ 2ಎ1. ಜೊತೆಗೆ ಒಂದು ಹಳೇ ಡಬ್ಬಿಯಲ್ಲಿ .303 ತೋಟಾಗಳು. ಕೆಲವುದರ ಬುಡದಲ್ಲಿ ಕೆಎಫ್, ಅಂದರೆ ನಮ್ಮ ಪುಣೆಯ ಖಡ್ಕಿ. ಕೆಲವುದರಲ್ಲಿ ಪಿಒಎಫ್, ಪಾಕಿಸ್ತಾನದ ಕಾರ್ಖಾನೆ. ಬ್ರಿಟಿಷರು ಎರಡೂ ಕಡೆ ಬಿಟ್ಟುಹೋದ ಒಂದೇ ಕೋವಿಗೆ ಎರಡೂ ದೇಶ ಮಾಡಿದ ಊಟ, ಪೆನ್ಸಿಲ್ವೇನಿಯಾದ ಒಂದೇ ಡಬ್ಬಿಯಲ್ಲಿ ತಣ್ಣಗೆ ಮಲಗಿತ್ತು. ಬ್ರಿಟನ್ನಿನ ಇನ್ನೂ ಹಳೆಯದೊಂದನ್ನು ಬಿಚ್ಚಿ ತೋರಿಸಿದರು. ಒಳಗೆ ಪುಡಿಯಲ್ಲ, ಕಾರ್ಡೈಟ್ ಎಳೆಗಳು, ಒಣ ಶಾವಿಗೆ ಕಂತೆಯ ಹಾಗೆ.

ಆ ಡಬ್ಬಿಯ ತೋಟಾ ಅಮೆರಿಕದ ಅಜ್ಜನ ಮನೆಯಲ್ಲಿರಬಹುದು, ಅದು ತಯಾರಾದ ನಮ್ಮ ದೇಶದ ಸಾಮಾನ್ಯನ ಮನೆಯಲ್ಲಿರುವಂತಿಲ್ಲ. ಸೈನ್ಯದ ತೋಟಾ ಜನರ ಕೈಗೆ ಸಿಗಬಾರದು ಅಂತ ಬ್ರಿಟಿಷರು .303ಯನ್ನು ಖಾಸಗಿಯವರಿಂದ ದೂರ ಇಟ್ಟಿದ್ದರು. ಅದಕ್ಕೇ ನಮ್ಮಲ್ಲಿ .315 ಎಂಬ ಬೇರೆ ಸೈಜು ಚಾಲ್ತಿಗೆ ಬಂತು. ಸ್ವಾತಂತ್ರ್ಯ ಬಂದು, 1959ರ ಆಯುಧ ಕಾಯಿದೆ ಬಂದರೂ ಈ ಭೇದ ಹೋಗಿಲ್ಲ. 1980ರ ದಶಕದ ಮಧ್ಯದಿಂದ ಸಾಮಾನ್ಯ ಲೈಸೆನ್ಸುದಾರರಿಗೆ ಆಮದೂ ಬಂದ್. ತಾತಂದಿರು ಇಂಗ್ಲೆಂಡಿನಿಂದ ತರಿಸಿದ್ದ ಎಷ್ಟೋ ಒಳ್ಳೊಳ್ಳೆ ರೈಫಲ್ಲುಗಳು ಹೊಟ್ಟೆಗಿಲ್ಲದೆ ಗೋಡೆಯ ಅಲಂಕಾರವಾದವು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದಲೇ ವಿನಾಯಿತಿ ಇದೆ, ಸದ್ಯಕ್ಕೆ 2029ರ ಅಕ್ಟೋಬರ್‌ವರೆಗೆ. ಕೈಲ್‌ಪೊಳ್ದ್ ದಿನ ಕೋವಿಗೆ ತೋಕ್‌ಪೂ ಮುಡಿಸಿ ಪೂಜೆ, ಮಗ ಹುಟ್ಟಿದರೆ ಒಂದು ಗುಂಡು, ಯಾರಾದರೂ ತೀರಿಕೊಂಡರೆ ಎರಡು. ವಿನಾಯಿತಿ ಕಾಗದದಲ್ಲಿ ಸಿಕ್ಕರೂ, ಸದ್ದು ಮಾಡಲು ಅಂಗಡಿಯಲ್ಲಿ ತೋಟಾ ಸಿಗಬೇಕು.

ನಮ್ಮನೆ ಇರೋದು ತೀರ್ಥಹಳ್ಳಿ ಕಡೆ. ಅಜ್ಜಯ್ಯನ ಕಾಲದಲ್ಲಿ ಕೇಪಿನ ಕೋವಿ. ನಳಿಗೆ ಬಾಯಿಂದ ಮಸಿ, ಚರೆ ಹಾಕಿ ಗಜದಲ್ಲಿ ಜಡಿಯೋದು. ಆಗಲೂ ಪೇಟೆಯಿಂದಲೇ ಬರಬೇಕಾಗಿದ್ದದ್ದು ಕೇಪು, ಅದಿಲ್ಲದಿದ್ದರೆ ಉಳಿದದ್ದೆಲ್ಲ ದಂಡ. ಪೆನ್ಸಿಲ್ವೇನಿಯಾದ ಅಜ್ಜನ ತಾಪತ್ರಯವೂ ಅದೇ ಅಂತ ಗೊತ್ತಾದಾಗ ನಗು ಬಂತು. ಅಪ್ಪಯ್ಯನ ಕಾಲಕ್ಕೆ ಒಂಟಿ ನಳಿಗೆಯ ತೋಟಾ ಕೋವಿ ಬಂತು, ಬೆಳೆ ರಕ್ಷಣೆಯ ಲೈಸೆನ್ಸಿನ ಮೇಲೆ. ತೋಟ ಕಾಯೋಕೆ ತೋಟಾ. ಆಗ ಬರುತ್ತಿದ್ದ ಕಾಗದದ ತೋಟಾ ಮಳೆಗಾಲದಲ್ಲಿ ಉಬ್ಬಿ ನಳಿಗೆಗೇ ಹೋಗುತ್ತಿರಲಿಲ್ಲ, ಹಾಗಾಗಿ ಬೋರ್ನ್‌ವಿಟಾ ಡಬ್ಬಿಯಲ್ಲಿ ಸುಣ್ಣದ ಕಲ್ಲಿನ ಜೊತೆ ವಾಸ. ಈಗ ಪ್ಲಾಸ್ಟಿಕ್ಕಿನದು, ಆದರೂ ಡಬ್ಬಿ ಅದೇ. ಎಷ್ಟು ಇಟ್ಟುಕೊಳ್ಳಬಹುದು, ವರ್ಷಕ್ಕೆ ಎಷ್ಟು ಕೊಳ್ಳಬಹುದು ಅನ್ನೋದು ಲೈಸೆನ್ಸಿನಲ್ಲೇ ಬರೆದಿರುತ್ತೆ, ಕೊಂಡದ್ದಕ್ಕೆಲ್ಲ ಎಂಟ್ರಿ. ಚುನಾವಣೆ ಬಂದರೆ ಕೋವಿ ಸ್ಟೇಷನ್ನಿಗೆ. ಹಂದಿಗೆ ನೀತಿಸಂಹಿತೆ ಇಲ್ಲ, ಅದು ಆಗಲೂ ಬರುತ್ತೆ.

ಅಪ್ಪಯ್ಯ ಹಂದಿ ಹೊಡೆಯೋಕೆ ಹೋದವರಲ್ಲ. ರಾತ್ರಿ ಗದ್ದೆ ಕಡೆ ಗುಟುರು ಕೇಳಿದರೆ ಅಂಗಳದಲ್ಲಿ ನಿಂತು ಆಕಾಶಕ್ಕೆ ಒಂದು ಈಡು, ಅಷ್ಟೆ. ಅದು ಹಂದಿಗೆ ಮಾತ್ರ ಹೇಳಿದ ಮಾತಲ್ಲ. ಒಂದು ನಿಮಿಷಕ್ಕೆ ಆಚೆ ಗುಡ್ಡದ ಮನೆಯಿಂದ ಇನ್ನೊಂದು ಈಡು. ಅದಕ್ಕೂ ಆಚೆಯಿಂದ ಮತ್ತೊಂದು. ಹಂದಿ ಈ ಕಡೆ ಬಂದಿದೆ, ನಾವು ಎಚ್ಚರ ಇದ್ದೇವೆ ಅಂತ ಕಣಿವೆಯೇ ಮಾತಾಡಿಕೊಳ್ಳುತ್ತಿತ್ತು. ಹಾಸಿಗೆಯಲ್ಲಿ ಮಲಗಿ ಎಣಿಸುತ್ತಿದ್ದೆ, ಎಷ್ಟು ಮನೆ ಎದ್ದಿವೆ ಅಂತ. ಕಳೆದ ಸಲ ಊರಿಗೆ ಹೋದಾಗ ಅಪ್ಪಯ್ಯ ಹೊಡೆದರು. ಆಚೆಯಿಂದ ಉತ್ತರ ಬರಲಿಲ್ಲ. ಆ ಮನೆಗೆ ಬೀಗ, ಮಕ್ಕಳು ಬೆಂಗಳೂರು. ಅದರಾಚೆಯ ಮನೆಯವರು ವಯಸ್ಸಾಯ್ತು ಅಂತ ಕೋವಿ ಒಪ್ಪಿಸಿಬಿಟ್ಟಿದ್ದಾರೆ. ಡಬ್ಬಿಯಲ್ಲಿ ಇನ್ನೂ ಎಂಟು ತೋಟಾ ಇತ್ತು.

ಈ ವರ್ಷ ಅಪ್ಪಯ್ಯನಿಗೆ 70. ಫೋನಿನಲ್ಲಿ ಅದೂ ಇದೂ ಮಾತಾಡಿ ಕೊನೆಗೆ, "ಕೋವಿ ನಿನ್ನ ಹೆಸ್ರಿಗೆ ಮಾಡ್ಸದಾ, ಸರೆಂಡರ್ ಮಾಡಿ ಕೈ ತೊಳ್ಕಳದಾ, ಹೇಳು ಮಾರಾಯ," ಅಂದರು. 2016ರ ಆಯುಧ ನಿಯಮಗಳ ಪ್ರಕಾರ 70 ತುಂಬಿದವರು ಅಥವಾ 25 ವರ್ಷ ಕೋವಿ ಇಟ್ಟುಕೊಂಡವರು ಅದನ್ನು ವಾರಸುದಾರರಿಗೆ ದಾಟಿಸಲು ಅರ್ಜಿ ಹಾಕಬಹುದು. ನನ್ನ ಹೆಸರಿಗೆ ಮಾಡಿಸಿದರೆ ಏನಾಗುತ್ತೆ? ಕೋವಿ ನಂದು, ಕೋವಿ ಇರೋದು ಅಲ್ಲಿ, ನಾನು ಇಲ್ಲಿ ಮೆಟ್ಟಿಲ ಮೇಲೆ ಕೂತು ಕಾಫಿ ಕುಡೀತಾ ಇರ್ತೀನಿ. ಅಜ್ಜನ ಗೋಡೆಯ ಇನ್ನೊಂದು ಡಬ್ಬಿ ಆದ ಹಾಗೆ.

"ತಂಗಿ ಹೆಸ್ರಿಗೆ ಮಾಡ್ಸಿ," ಅಂದೆ.

ಆ ಕಡೆ ಸದ್ದಿಲ್ಲ. ತಂಗಿ ಎಂ.ಕಾಂ. ಮುಗಿಸಿ, ಎರಡು ವರ್ಷ ಶಿವಮೊಗ್ಗದಲ್ಲಿ ಕೆಲಸ ಮಾಡಿ, ಬಿಟ್ಟು ಬಂದು ತೋಟ ನೋಡಿಕೊಳ್ಳುತ್ತಿದ್ದಾಳೆ. ಔಷಧಿ ಹೊಡೆಸೋದು, ಕೊನೆ ಕೊಯ್ಲಿನವರನ್ನು ಹಿಡಿಯೋದು, ಮಂಡಿಯವರ ಹತ್ತಿರ ಜಗಳ, ಎಲ್ಲಾ ಅವಳೇ. ರಾತ್ರಿ ಹಂದಿ ಬಂದರೆ ತಗಡು ಬಡಿಯುತ್ತಾ ಮೊದಲು ಓಡೋಳೂ ಅವಳೇ.

"ಹೆಣ್ಣುಮಗು ಕೈಗೆ ಕೋವಿ ಕೊಡದಾ?" ಅಂದರು ಅಪ್ಪಯ್ಯ.

"ತೋಟ ಕೊಟ್ಟಿದ್ದೀರಲ್ಲ," ಅಂದೆ.

ಪೊಲೀಸ್ ಇಲಾಖೆಯವರು ನಡೆಸುವ ನಾಗರಿಕ ಬಂದೂಕು ತರಬೇತಿ ಶಿಬಿರಕ್ಕೆ ಸೇರಿ ಸರ್ಟಿಫಿಕೇಟ್ ತಗೋಬೇಕು, ಅರ್ಜಿ, ಪೊಲೀಸ್ ವೆರಿಫಿಕೇಶನ್, ಡಿಸಿ ಆಫೀಸು, ಅಲೆದಾಟ ಇದ್ದದ್ದೇ. ಕೊಡುತ್ತಾರೋ ಇಲ್ಲವೋ ಅದೂ ಅವರಿಗೆ ಬಿಟ್ಟದ್ದು. ಅಪ್ಪಯ್ಯ ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ. ಫೋನ್ ಕೈ ಬದಲಾಯಿತು. ಸ್ಪೀಕರ್ ಹಾಕಿಕೊಂಡು ಅಷ್ಟೂ ಕೇಳಿಸಿಕೊಂಡಿದ್ದಳು ಅಂತ ಕಾಣುತ್ತೆ.

"ಅಣ್ಣಾ, ಅದೆಲ್ಲ ಆಮೇಲೆ," ಅಂದಳು. "ಡಬ್ಬಿಲಿ ಈಗ ಆರೇ ಉಳ್ದಿರದು. ತೋಟಾ ಈಗ ಎಲ್ಲಿ ಸಿಗ್ತದೆ, ಒಂದಕ್ಕೆ ಎಷ್ಟು ಅಂತ ಅಪ್ಪಯ್ಯನ ಹತ್ರ ಸರಿಯಾಗಿ ಕೇಳಿ ಬರ್ಕೊಂಡಿದೀನಿ. ಆಚೆ ಗುಡ್ಡದ ಬೀಗದ ಮನೆ ಇದ್ಯಲ್ಲ, ಅದನ್ನ ಯಾರೋ ತಗಂಡ್ರಂತೆ. ಅವ್ರಿಗೆ ಕೋವಿ ಇದ್ಯಾ ಅಂತ ನಾಳೆ ಹೋಗಿ ಕೇಳ್ಕಂಡ್ ಬರ್ತೀನಿ."